ಎಂಟುನೂರು ಕಿಲೋಮೀಟರ್ ಎತ್ತರದ ಕಸವನ್ನು ಕೆಳಗಿಳಿಸುವವರು ಯಾರು?

ಬೆಳ್ಳಿಚುಕ್ಕಿ, ಕಡೂರು

ಕಳೆದ ಶನಿವಾರ ಸಂಜೆ ಏಳು ಗಂಟೆ ದಾಟಿದ ಮೇಲೆ ಮಗಳೊಂದಿಗೆ ತಾರಸಿಯಲ್ಲಿ ಕುಳಿತಿದ್ದಾಗ ಉತ್ತರ ದಿಕ್ಕಿನ ತೆಂಗಿನಮರಗಳ ಮೇಲಿಂದ ಒಂದು ಚುಕ್ಕಿ ಏರಿ ಬಂತು. ಸಾಮಾನ್ಯವಾಗಿ ಉಪಗ್ರಹಗಳು ಒಂದೇ ಸಮನೆ ಬೆಳಗುತ್ತ ಸಾಗುತ್ತವೆ, ಇದು ಹಾಗಿರಲಿಲ್ಲ. ಫಕ್ಕನೆ ಹೊಳೆಯುತ್ತಿತ್ತು, ಪೂರ್ತಿ ಆರುತ್ತಿತ್ತು, ಸ್ವಲ್ಪ ಮುಂದೆ ಹೋಗಿ ಮತ್ತೆ ಹೊಳೆಯುತ್ತಿತ್ತು. ಮಗಳು ಬೆರಳು ಮಡಿಸುತ್ತ ಎಣಿಸಿದಳು; ಒಂದು ಹೊಳಪಿಗೂ ಇನ್ನೊಂದಕ್ಕೂ ನಡುವೆ ಪ್ರತಿ ಸಲವೂ ಆರು ಎಣಿಕೆ ಬರುತ್ತಿತ್ತು. ಮೊಬೈಲಿನಲ್ಲಿದ್ದ ಆಕಾಶನಕ್ಷೆಯ ಆ್ಯಪ್ ಅದನ್ನು ಸೋವಿಯತ್ ಕಾಲದ ರಾಕೆಟ್ಟೊಂದರ ಕೊನೆಯ ಹಂತವೆಂದು ಗುರುತಿಸಿತು. ಉಪಗ್ರಹವನ್ನು ಕಕ್ಷೆಗೆ ಬಿಟ್ಟ ದಿನವೇ ಅದರ ಕೆಲಸ ಮುಗಿದುಹೋಗಿದೆ. ಅಂದಿನಿಂದ ಲಾಗ ಹಾಕುತ್ತ ಭೂಮಿಯನ್ನು ಸುತ್ತುತ್ತಲೇ ಇದೆ. ಅದರ ಅಗಲವಾದ ಮೈಗೆ ಬಿಸಿಲು ತಾಗಿದಾಗಲೆಲ್ಲ ನಮಗೆ ಹೊಳಪು ಕಾಣುತ್ತದೆ.

“ಅದನ್ನು ಯಾರು ನಡೆಸುತ್ತಿದ್ದಾರೆ?” ಎಂದು ಮಗಳು ಕೇಳಿದಳು. ಯಾರೂ ಇಲ್ಲ ಎಂದೆ. “ಹಾಗಾದರೆ ತೆಗೆಯುವವರು ಯಾರು?” ಎಂದಳು. ಈ ಎರಡನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲಿ ಬಲ್ಲವರು ಇದ್ದೀರಿ. ಹತ್ತು ವರ್ಷದ ಮಗುವಿಗೆ ಹೇಳಬಹುದಾದ, ಆದರೆ ಸುಳ್ಳಲ್ಲದ ಒಂದು ಉತ್ತರ ಬೇಕಾಗಿದೆ.

ಕಕ್ಷಾಗಣಿತ, ಮೈಸೂರು

ಬೆಳ್ಳಿಚುಕ್ಕಿಯವರೇ, ಮೊದಲು ಆ ವಸ್ತು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಆ್ಯಪ್‌ನಲ್ಲಿ ನೋಡಿ ತಿಳಿಸಿ. ಈ ವಿಷಯದಲ್ಲಿ ಎಲ್ಲವೂ ಎತ್ತರದ ಮೇಲೆಯೇ ನಿಂತಿದೆ. ಮುನ್ನೂರು, ನಾನೂರು ಕಿಲೋಮೀಟರ್ ಎತ್ತರದಲ್ಲಿಯೂ ಗಾಳಿಯ ಅಂಶ ತೀರ ತೆಳುವಾಗಿ ಇದ್ದೇ ಇರುತ್ತದೆ. ಅಲ್ಲಿ ಬಿಟ್ಟ ವಸ್ತುವನ್ನು ಅದು ದಿನದಿನವೂ ಸ್ವಲ್ಪಸ್ವಲ್ಪವೇ ತಡೆದು, ಕೆಲವು ತಿಂಗಳುಗಳಲ್ಲೋ ಕೆಲವು ವರ್ಷಗಳಲ್ಲೋ ಕೆಳಗೆಳೆದು ಸುಟ್ಟುಬಿಡುತ್ತದೆ. ಆರುನೂರು ಕಿಲೋಮೀಟರಿಗೆ ಹೋದರೆ ಈ ಲೆಕ್ಕ ದಶಕಗಳಿಗೆ ಏರುತ್ತದೆ, ಎಂಟುನೂರಕ್ಕೆ ಹೋದರೆ ಶತಮಾನಗಳಿಗೆ, ಸಾವಿರ ದಾಟಿದರೆ ಸಾವಿರಾರು ವರ್ಷಗಳಿಗೆ. 1958ರ ಮಾರ್ಚ್ 17ರಂದು ಅಮೆರಿಕ ಹಾರಿಸಿದ ವ್ಯಾನ್‌ಗಾರ್ಡ್ 1 ಎಂಬ ಪುಟ್ಟ ಉಪಗ್ರಹ ಇಂದಿಗೂ ಸುತ್ತುತ್ತಿದೆ.

ಇನ್ನು ವೇಗದ ಮಾತು. ಕೆಳಕಕ್ಷೆಯಲ್ಲಿ ವಸ್ತುಗಳು ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ಆಸುಪಾಸಿನಲ್ಲಿ ಚಲಿಸುತ್ತವೆ; ಎರಡು ವಸ್ತುಗಳು ಅಡ್ಡಡ್ಡ ಬಂದು ಡಿಕ್ಕಿಯಾದರೆ ಅವುಗಳ ನಡುವಿನ ವೇಗ ಸೆಕೆಂಡಿಗೆ 10 ಕಿ.ಮೀ. ಆಗುವುದು ಸಾಮಾನ್ಯ. ಒಂದು ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಗುಂಡನ್ನು ತೆಗೆದುಕೊಳ್ಳಿ, ಕಡಲೆಕಾಳಿಗಿಂತ ತುಸು ದೊಡ್ಡದು. ತೂಕ ಒಂದೂವರೆ ಗ್ರಾಂ ಕೂಡ ಇಲ್ಲ. ಆ ವೇಗದಲ್ಲಿ ಅದರ ಚಲನಶಕ್ತಿ ಸುಮಾರು 70 ಕಿಲೋಜೂಲ್. ಒಂದು ಟನ್ ತೂಕದ ಕಾರು ಗಂಟೆಗೆ 40 ಕಿಲೋಮೀಟರಿಗಿಂತ ತುಸು ಹೆಚ್ಚಿನ ವೇಗದಲ್ಲಿ ಬಂದು ಗುದ್ದಿದರೆ ಎಷ್ಟೋ ಅಷ್ಟು, ಅದೂ ಕಡಲೆಕಾಳಿನಷ್ಟು ಜಾಗದ ಮೇಲೆ. 1983ರಲ್ಲಿ ಚಾಲೆಂಜರ್ ನೌಕೆಯ ಕಿಟಕಿಯ ಗಾಜಿಗೆ ಹೊಡೆದು ಗುಳಿ ಮಾಡಿದ್ದು ಒಂದು ಬಣ್ಣದ ಚಕ್ಕೆ. ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಅಂದಾಜಿನಂತೆ ಒಂದು ಸೆಂಟಿಮೀಟರಿಗಿಂತ ದೊಡ್ಡದಾದ ತುಣುಕುಗಳು ಈಗ 12 ಲಕ್ಷಕ್ಕೂ ಹೆಚ್ಚಿವೆ. ಅವುಗಳಲ್ಲಿ ರೇಡಾರ್ ಮತ್ತು ದೂರದರ್ಶಕಗಳ ಕಣ್ಣಿಗೆ ಬಿದ್ದು ಪಟ್ಟಿಯಲ್ಲಿರುವುದು ಕೆಲಸ ಮಾಡುವ ಉಪಗ್ರಹಗಳೂ ಸೇರಿ ಸುಮಾರು 40,000 ಮಾತ್ರ. ಉಳಿದವು ಎಲ್ಲಿವೆ, ಯಾವಾಗ ಎದುರಾಗುತ್ತವೆ ಎಂಬುದನ್ನು ಮುಂಚಿತವಾಗಿ ಹೇಳಲು ಯಾರಿಂದಲೂ ಆಗದು.

ಸಾಗರದ ಮೇಷ್ಟ್ರು

ಈ ಚರ್ಚೆ ನೋಡಿದಾಗ 1979ರ ಜುಲೈ ತಿಂಗಳು ಕಣ್ಣ ಮುಂದೆ ಬಂತು. ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ಬೀಳುತ್ತದೆ, ಎಲ್ಲಿ ಬೀಳುತ್ತದೆಂದು ಯಾರಿಗೂ ಗೊತ್ತಿಲ್ಲ ಎಂಬ ಸುದ್ದಿ ರೇಡಿಯೋದಲ್ಲಿ ಬಂದಂದಿನಿಂದ ನಮ್ಮ ಊರಿನಲ್ಲಿ ಬೇರೆ ಮಾತೇ ಇರಲಿಲ್ಲ. ಮಲೆನಾಡಿನ ಜುಲೈ, ಮಳೆ ಹಿಡಿದು ವಾರವಾಗಿತ್ತು, ಆಕಾಶವೆಂಬುದೇ ಕಾಣುತ್ತಿರಲಿಲ್ಲ, ಮೋಡದ ಹಿಂದಿನಿಂದ ಏನೋ ಇಳಿದು ಬರುತ್ತದೆಂದು ಜನ ನಿಜಕ್ಕೂ ಹೆದರಿದ್ದರು. ಸಾಯುವುದೇ ಆದರೆ ಕೋಳಿ ಉಳಿಸಿ ಏನು ಮಾಡುವುದೆಂದು ಗೂಡನ್ನು ಖಾಲಿ ಮಾಡಿದ ಮನೆಗಳಿದ್ದವು. ನಮ್ಮ ಅಜ್ಜಿ ಎರಡು ರಾತ್ರಿ ನಮ್ಮನ್ನೆಲ್ಲ ನಡುಮನೆಯಲ್ಲಿ ಒಟ್ಟಿಗೇ ಮಲಗಿಸಿಕೊಂಡಿದ್ದರು. ಜುಲೈ 11ರಂದು ಅದು ಹಿಂದೂ ಮಹಾಸಾಗರದ ಮೇಲೂ ಪಶ್ಚಿಮ ಆಸ್ಟ್ರೇಲಿಯದ ಮೇಲೂ ಚೂರುಚೂರಾಗಿ ಬಿತ್ತೆಂದು ತಿಳಿದ ಮೇಲೆಯೇ ಊರು ಉಸಿರು ಬಿಟ್ಟಿದ್ದು.

ಈಗ ಕೇಳುತ್ತೇನೆ: ಕೆಳಗೆ ಬೀಳುವುದರಿಂದ ಅಪಾಯವೇ ಇಲ್ಲವೇ? 2022ರ ಏಪ್ರಿಲ್‌ನಲ್ಲಿ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಸಿಂದೇವಾಹಿ ಬಳಿ ದೊಡ್ಡ ಲೋಹದ ಬಳೆಯೊಂದು ಬಿದ್ದದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದ್ದೇವೆ. ಅದು ಚೀನಾದ ರಾಕೆಟ್ಟಿನದ್ದಿರಬೇಕೆಂದು ಹೇಳಿದ್ದರು. 2023ರಲ್ಲಿ ಪಶ್ಚಿಮ ಆಸ್ಟ್ರೇಲಿಯದ ಕಡಲತೀರಕ್ಕೆ ತೇಲಿ ಬಂದ ಉರುಳೆ ನಮ್ಮದೇ ಪಿಎಸ್‌ಎಲ್‌ವಿ ರಾಕೆಟ್ಟಿನ ಮೂರನೆಯ ಹಂತದ್ದಾಗಿತ್ತು.

ಕಕ್ಷಾಗಣಿತ, ಮೈಸೂರು

ಮೇಷ್ಟ್ರೇ, ಅಪಾಯ ಇಲ್ಲವೆನ್ನಲಾರೆ. 2024ರ ಮಾರ್ಚ್‌ನಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ಬಾಹ್ಯಾಕಾಶ ನಿಲ್ದಾಣದಿಂದ ಬಿಸಾಡಿದ ಬ್ಯಾಟರಿ ಅಟ್ಟಣೆಯ ಒಂದು ತುಂಡು, ಮುಕ್ಕಾಲು ಕಿಲೋ ಕೂಡ ತೂಗದ್ದು, ಮನೆಯ ಚಾವಣಿಯನ್ನೂ ನೆಲವನ್ನೂ ತೂತು ಮಾಡಿಕೊಂಡು ಇಳಿಯಿತು. ಆದರೂ ಬೀಳುವ ಕಸ ಒಂದು ಸಲ ಬಿದ್ದರೆ ಮುಗಿಯಿತು. ಬೀಳದೆ ಉಳಿಯುವ ಕಸವೇ ನನಗೆ ಹೆಚ್ಚಿನ ಚಿಂತೆಯ ವಿಷಯ, ಯಾಕೆಂದರೆ ಅದು ಬೆಳೆಯುತ್ತದೆ.

2009ರ ಫೆಬ್ರವರಿ 10ರಂದು ಸೈಬೀರಿಯಾದ ಮೇಲೆ, ಸುಮಾರು 790 ಕಿ.ಮೀ. ಎತ್ತರದಲ್ಲಿ, ಕೆಲಸ ಮಾಡುತ್ತಿದ್ದ ಇರಿಡಿಯಂ 33 ಎಂಬ ಅಮೆರಿಕದ ಸಂಪರ್ಕ ಉಪಗ್ರಹಕ್ಕೂ ವರ್ಷಗಳ ಹಿಂದೆಯೇ ಸತ್ತಿದ್ದ ಕಾಸ್ಮೋಸ್ 2251 ಎಂಬ ರಷ್ಯದ ಉಪಗ್ರಹಕ್ಕೂ ಡಿಕ್ಕಿಯಾಯಿತು. ಅವೆರಡೂ ಅರ್ಧ ಕಿಲೋಮೀಟರಿಗೂ ಹೆಚ್ಚಿನ ಅಂತರದಲ್ಲಿ ಹಾದುಹೋಗುತ್ತವೆಂದು ಅಂದಿನ ಲೆಕ್ಕ ಹೇಳಿತ್ತು. ಆ ದಿನದ ಎಚ್ಚರಿಕೆಯ ಪಟ್ಟಿಯಲ್ಲಿ ಅದಕ್ಕಿಂತ ಹತ್ತಿರದ ಮುಖಾಮುಖಿಗಳು ಬೇರೆಯೇ ಇದ್ದವು. ಎರಡು ವಸ್ತುಗಳಿದ್ದ ಜಾಗದಲ್ಲಿ ಗುರುತಿಸಬಹುದಾದಷ್ಟು ದೊಡ್ಡ ತುಣುಕುಗಳೇ ಎರಡು ಸಾವಿರಕ್ಕೂ ಹೆಚ್ಚು ಹುಟ್ಟಿದವು. ಹೀಗೆ ಒಂದು ಡಿಕ್ಕಿಯ ಚೂರುಗಳು ಮುಂದಿನ ಡಿಕ್ಕಿಗೆ ಕಾರಣವಾಗುತ್ತ ಹೋಗುತ್ತವೆಂದು ನಾಸಾದ ಡೊನಾಲ್ಡ್ ಕೆಸ್ಲರ್ ಮತ್ತು ಬರ್ಟನ್ ಕೂರ್-ಪಾಲೆ 1978ರಲ್ಲಿಯೇ ಲೆಕ್ಕ ಹಾಕಿ ತೋರಿಸಿದ್ದರು.

ಕೆರೆಯಂಗಳ, ಕೋಲಾರ

ನಾನು ವಿಜ್ಞಾನ ಓದಿದವನಲ್ಲ, ಕೆರೆಗಳ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದವನು. ಆದರೂ ಈ ಕಥೆ ನನಗೆ ತೀರ ಪರಿಚಿತವೆನಿಸಿತು. ನಮ್ಮ ಕಡೆಯ ಕೆರೆಗಳಿಗೆ ನೀರುಗಂಟಿ ಎಂಬವನಿದ್ದ. ತೂಬು ಎತ್ತುವವನು ಅವನೊಬ್ಬನೇ. ಊರಿನ ಗೌಡನೇ ಬಂದರೂ ಸರದಿ ತಪ್ಪಿಸಿ ನೀರು ಬಿಡುತ್ತಿರಲಿಲ್ಲ. ಬೇಸಿಗೆಯಲ್ಲಿ ಹೂಳೆತ್ತುವುದಕ್ಕೆ ಮನೆಗೊಂದು ಆಳು ಬರಬೇಕೆಂಬ ಕಟ್ಟಳೆಯಿತ್ತು; ಅಚ್ಚುಕಟ್ಟಿನಲ್ಲಿ ಹೆಚ್ಚು ಭೂಮಿಯಿದ್ದವರು ಹೆಚ್ಚು ಆಳು ಕಳಿಸುತ್ತಿದ್ದರು. ಆ ವ್ಯವಸ್ಥೆಯಲ್ಲಿ ಜಾತಿಯ ಅನ್ಯಾಯಗಳು ಬೇಕಾದಷ್ಟಿದ್ದವು, ಅದನ್ನು ಮುಚ್ಚಿಡಲಾರೆ. ಆದರೆ ನೀರುಗಂಟಿ ಹೋದ ಮೇಲೆ ತೂಬು ಎಲ್ಲರದ್ದಾಯಿತು, ಹೂಳು ಯಾರದ್ದೂ ಅಲ್ಲವಾಯಿತು.

ಆಕಾಶಕ್ಕೂ ಅಂಥದೇ ಕಟ್ಟಳೆ ಯಾಕಿರಬಾರದು? ಉಪಗ್ರಹ ಹಾರಿಸುವವರು ಹಾರಿಸುವ ಮೊದಲೇ ಒಂದು ದೊಡ್ಡ ಮೊತ್ತವನ್ನು ಠೇವಣಿ ಇಡಲಿ. ಕೆಲಸ ಮುಗಿದ ಮೇಲೆ ತಾವಾಗಿ ಕೆಳಗಿಳಿಸಿದರೆ ಹಣ ವಾಪಸು, ಇಲ್ಲದಿದ್ದರೆ ಆ ಹಣದಲ್ಲಿ ಹೂಳೆತ್ತುವುದು. ಸಾವಿರಾರು ಉಪಗ್ರಹಗಳನ್ನು ಸಾಲಾಗಿ ಹಾರಿಸುತ್ತಿರುವ ಕಂಪನಿಗಳು ಅಚ್ಚುಕಟ್ಟಿನ ದೊಡ್ಡ ಹಿಡುವಳಿದಾರರಿದ್ದಂತೆ. ಅವರು ಹೆಚ್ಚು ಆಳು ಕಳಿಸಲಿ.

ಕಕ್ಷಾಗಣಿತ, ಮೈಸೂರು

ಕೆರೆಯಂಗಳ ಅವರೇ, ಠೇವಣಿಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಹೋಲಿಕೆಯಲ್ಲಿ ಮಾತ್ರ ಒಂದು ತಿದ್ದುಪಡಿ ಬೇಕು. ಹೂಳು ತಾನಾಗಿ ಹೂಳನ್ನು ಹುಟ್ಟಿಸುವುದಿಲ್ಲ. ಹತ್ತು ವರ್ಷ ತಡವಾಗಿ ಎತ್ತಿದರೂ ಅದೇ ಮಣ್ಣು ಎತ್ತುತ್ತೀರಿ. ಇದು ಪಾರ್ಥೇನಿಯಂ ಕಳೆಯ ಹಾಗೆ. ಹೂಬಿಡುವ ಮೊದಲು ಬೇರುಸಹಿತ ಕಿತ್ತರೆ ಒಂದು ಗಿಡ. ಬೀಜ ಉದುರಿದ ಮೇಲೆ ಹೊಲವೆಲ್ಲ ಅದೇ. ಸೋವಿಯತ್ ಒಕ್ಕೂಟ ಮತ್ತು ರಷ್ಯ ಹಾರಿಸಿದ ಝೆನಿತ್ ರಾಕೆಟ್ಟುಗಳ ಎರಡನೆಯ ಹಂತಗಳು, ಒಂದೊಂದೂ ಎಂಟೊಂಬತ್ತು ಟನ್ ತೂಗುವಂಥವು, ಸುಮಾರು 840 ಕಿ.ಮೀ. ಎತ್ತರದಲ್ಲಿ ಹತ್ತಕ್ಕೂ ಹೆಚ್ಚು ಇವೆ. 2012ರಲ್ಲಿ ಮಾತು ನಿಲ್ಲಿಸಿದ ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಕೂಡ ಎಂಟು ಟನ್ನಿನ ಒಂದೇ ಗಡ್ಡೆಯಾಗಿ ಅದಕ್ಕಿಂತ ಸ್ವಲ್ಪ ಕೆಳಗೆ ಸುತ್ತುತ್ತಿದೆ. ಇವೆಲ್ಲ ಇನ್ನೂ ಹೂಬಿಡದ ಗಿಡಗಳು. ಇಡಿಯಾಗಿರುವಾಗಲೇ ಕಿತ್ತರೆ ಒಂದೊಂದು ನೌಕೆ ಕಳಿಸಿ ಕೀಳಬಹುದು; ಪುಡಿಯಾದ ಮೇಲೆ ಸಾವಿರಾರು ಚೂರುಗಳನ್ನು ಹೆಕ್ಕುವ ಉಪಾಯ ಯಾರ ಬಳಿಯೂ ಇಲ್ಲ.

ಶಾಸನ ವಿದ್ಯಾರ್ಥಿನಿ, ಧಾರವಾಡ

ಕೀಳುವುದಕ್ಕೆ ಕಾನೂನಿನ ಅಡ್ಡಿಯೂ ಇದೆ ಎಂಬುದನ್ನು ಇಲ್ಲಿ ಯಾರೂ ಹೇಳಲಿಲ್ಲ. 1967ರ ಬಾಹ್ಯಾಕಾಶ ಒಪ್ಪಂದದ ಎಂಟನೆಯ ವಿಧಿಯ ಪ್ರಕಾರ, ಒಂದು ವಸ್ತುವನ್ನು ಯಾವ ದೇಶ ತನ್ನದೆಂದು ನೋಂದಾಯಿಸಿದೆಯೋ ಅದರ ಮೇಲಿನ ಅಧಿಕಾರ ಆ ದೇಶದ್ದೇ. ವಸ್ತು ಕೆಟ್ಟರೂ, ಒಡೆದರೂ, ಐವತ್ತು ವರ್ಷ ಕಳೆದರೂ ಒಡೆತನ ಹೋಗುವುದಿಲ್ಲ. ಸಮುದ್ರದಲ್ಲಿ ತೊರೆದುಹೋದ ಹಡಗನ್ನು ಎಳೆದು ತಂದವರಿಗೆ ಹಕ್ಕು ಹುಟ್ಟುವಂತಹ ನಿಯಮ ಅಲ್ಲಿಲ್ಲ. ಬೆಳ್ಳಿಚುಕ್ಕಿಯವರು ನೋಡಿದ ಆ ರಾಕೆಟ್ ಹಂತವನ್ನು ನಾಳೆ ಭಾರತವೋ ಜಪಾನೋ ಹಿಡಿದು ಇಳಿಸಲು ಹೊರಟರೆ ರಷ್ಯದ ಒಪ್ಪಿಗೆ ಬೇಕಾಗುತ್ತದೆ. ಹಿಡಿಯಲು ಬಲ್ಲ ನೌಕೆ ಹೊಡೆಯಲೂ ಬಲ್ಲದು ಎಂಬ ಅನುಮಾನವಿರುವುದರಿಂದ ಒಪ್ಪಿಗೆ ಸುಲಭವಾಗಿ ಸಿಗುವುದಿಲ್ಲ.

ನಷ್ಟದ ವಿಚಾರಕ್ಕೆ 1972ರ ಹೊಣೆಗಾರಿಕೆ ಒಪ್ಪಂದವಿದೆ. ನೆಲದ ಮೇಲೆ ಬಿದ್ದು ಹಾನಿಯಾದರೆ ಹಾರಿಸಿದ ದೇಶ ತಪ್ಪಿದ್ದರೂ ಇಲ್ಲದಿದ್ದರೂ ಪರಿಹಾರ ಕೊಡಬೇಕು. 1978ರ ಜನವರಿಯಲ್ಲಿ ಅಣುಸ್ಥಾವರ ಹೊತ್ತಿದ್ದ ಸೋವಿಯತ್ತಿನ ಕಾಸ್ಮೋಸ್ 954 ಕೆನಡದ ಹಿಮದ ಬಯಲಿನ ಮೇಲೆ ಚೆದುರಿ ಬಿದ್ದಾಗ ಕೆನಡ 60 ಲಕ್ಷಕ್ಕೂ ಹೆಚ್ಚು ಡಾಲರ್ ಕೇಳಿತ್ತು. ಮೂರು ವರ್ಷದ ಮಾತುಕತೆಯ ನಂತರ ಸಿಕ್ಕಿದ್ದು 30 ಲಕ್ಷ. ಆದರೆ ಹಾನಿ ಕಕ್ಷೆಯಲ್ಲಿಯೇ ಆದರೆ ಯಾರದು ತಪ್ಪೆಂದು ಸಾಬೀತು ಮಾಡಬೇಕು. ಎಲ್ಲಿಂದ ಬಂತೆಂದೇ ತಿಳಿಯದ ಒಂದು ಸೆಂಟಿಮೀಟರ್ ಚೂರಿನ ಮೇಲೆ ಯಾರ ತಪ್ಪನ್ನು ಸಾಬೀತು ಮಾಡುತ್ತೀರಿ? ಈ ಒಪ್ಪಂದಗಳನ್ನು ಬರೆದವರು ಚೂರುಗಳ ಕಾಲವನ್ನು ಊಹಿಸಿರಲಿಲ್ಲ. ತುರ್ತಾಗಿ ತಿದ್ದಬೇಕಾದ ಜಾಗ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಂದು ಪ್ರಶ್ನೆ, ಬಳ್ಳಾರಿ

ಎಲ್ಲರೂ ರಷ್ಯ, ಅಮೆರಿಕ, ಚೀನಾ ಎನ್ನುತ್ತಿದ್ದೀರಿ. ನಮ್ಮ ದೇಶದ ಪಾಲು ಎಷ್ಟು? 2019ರಲ್ಲಿ ನಾವೇ ನಮ್ಮ ಉಪಗ್ರಹವನ್ನು ಹೊಡೆದು ಪುಡಿ ಮಾಡಲಿಲ್ಲವೇ?

ಹಾಸನದವಳು

ಬಳ್ಳಾರಿಯವರ ಪ್ರಶ್ನೆ ನ್ಯಾಯವಾದದ್ದು. ನಾವು ಹುಟ್ಟಿಸಿದ ಕಸವನ್ನು ನಾವೇ ಹೇಳಿಕೊಳ್ಳದೆ ಬೇರೆಯವರ ಕಸದ ಮಾತಾಡಲಾಗದು. 2001ರ ಅಕ್ಟೋಬರ್‌ನಲ್ಲಿ ಹಾರಿದ ಪಿಎಸ್‌ಎಲ್‌ವಿ-ಸಿ3ರ ನಾಲ್ಕನೆಯ ಹಂತ ಅದೇ ಡಿಸೆಂಬರ್‌ನಲ್ಲಿ ಕಕ್ಷೆಯಲ್ಲಿ ಸ್ಫೋಟಿಸಿ 370ರಷ್ಟು ತುಣುಕುಗಳಾಯಿತು. ಅವುಗಳಲ್ಲಿ ಕೆಲವು ಇಪ್ಪತ್ತು ವರ್ಷದ ನಂತರವೂ ಸುತ್ತುತ್ತಿದ್ದವು. ಅದರ ಬಳಿಕ ನಮ್ಮವರು ಪಾಠ ಕಲಿತು, ಕೆಲಸ ಮುಗಿದ ಕೂಡಲೇ ಉಳಿದ ಇಂಧನವನ್ನೂ ಒತ್ತಡದ ಅನಿಲವನ್ನೂ ಹೊರಬಿಟ್ಟು ಟ್ಯಾಂಕು ಖಾಲಿ ಮಾಡುವ ಪದ್ಧತಿಯನ್ನು ತಂದರು. 2019ರ ಮಾರ್ಚ್ 27ರ ಮಿಷನ್ ಶಕ್ತಿ ಪರೀಕ್ಷೆಯನ್ನು 300 ಕಿಲೋಮೀಟರಿಗಿಂತ ಕೆಳಗೆ ನಡೆಸಿದ್ದು ಚೂರುಗಳು ಬೇಗ ಉರಿದುಹೋಗಲೆಂದೇ. 45 ದಿನ ಸಾಕೆಂದು ಅಂದು ಹೇಳಲಾಗಿತ್ತು. ಬಹುಪಾಲು ಬೇಗನೆ ಹೋದವು, ನಿಜ. ಆದರೆ ಸ್ಫೋಟದ ರಭಸಕ್ಕೆ ಮೇಲೆ ಚಿಮ್ಮಿದವು ಕೆಲವಿದ್ದವು. ಪಟ್ಟಿಯಲ್ಲಿದ್ದ ಕೊನೆಯ ತುಣುಕು ಇಳಿದುಹೋಗಲು ಮೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. 2007ರಲ್ಲಿ ಚೀನಾ 860 ಕಿ.ಮೀ. ಎತ್ತರದ ಫೆಂಗ್ಯುನ್-1ಸಿ ಉಪಗ್ರಹವನ್ನು ಹೊಡೆದು ಹುಟ್ಟಿಸಿದ ಮೂರು ಸಾವಿರಕ್ಕೂ ಹೆಚ್ಚು ತುಣುಕುಗಳ ಪಕ್ಕದಲ್ಲಿ ಇದು ಸಣ್ಣದು. ಸಣ್ಣದೆಂಬ ಕಾರಣಕ್ಕೆ ಸರಿಯೆನ್ನಲು ನನಗೆ ಮನಸ್ಸು ಬಾರದು. ಇಂತಹ ಪರೀಕ್ಷೆಗಳನ್ನು ನಿಲ್ಲಿಸಬೇಕೆಂಬ ನಿರ್ಣಯ 2022ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ 155 ದೇಶಗಳು ಪರವಾಗಿ ನಿಂತವು, ರಷ್ಯ ಮತ್ತು ಚೀನಾ ವಿರೋಧಿಸಿದವು, ಭಾರತ ಮತದಾನದಿಂದ ದೂರ ಉಳಿಯಿತು. ಭಾರತ ಪರವಾಗಿ ನಿಲ್ಲಬೇಕಿತ್ತು.

ಇನ್ನು ಹೆಮ್ಮೆಪಡಬೇಕಾದದ್ದು. ನಮ್ಮ ಊರಿನ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿಯ ದೊಡ್ಡ ತಟ್ಟೆ ಆಂಟೆನಾಗಳನ್ನು ನೋಡುತ್ತಲೇ ನಾನು ಶಾಲೆಗೆ ಹೋದವಳು. ಟಿ.ವಿ., ಹವಾಮಾನಗಳ ಭೂಸ್ಥಿರ ಉಪಗ್ರಹಗಳನ್ನು ಇಲ್ಲಿಂದ ನೋಡಿಕೊಳ್ಳುತ್ತಾರೆ. ಅವು ಇರುವ 36,000 ಕಿಲೋಮೀಟರ್ ಎತ್ತರದಲ್ಲಿ ಎಳೆದು ಸುಡಲು ಗಾಳಿಯೇ ಇಲ್ಲ, ಕೆಳಗಿಳಿಸುವಷ್ಟು ಇಂಧನ ಯಾವ ಉಪಗ್ರಹದಲ್ಲಿಯೂ ಉಳಿಯುವುದಿಲ್ಲ. ಹಾಗಾಗಿ ಸಾಯುವ ಮೊದಲು ಅವುಗಳನ್ನು ಇನ್ನೂ ಮೇಲಕ್ಕೆ ತಳ್ಳಿ ದಾರಿ ಬಿಡಿಸುತ್ತಾರೆ. ಇನ್ಸಾಟ್-4ಬಿಯನ್ನು 2022ರ ಜನವರಿಯಲ್ಲಿ ಒಂದು ವಾರದಲ್ಲಿ ಹನ್ನೊಂದು ಸಲ ಎಂಜಿನ್ ಉರಿಸಿ ಸುಮಾರು 340 ಕಿ.ಮೀ. ಮೇಲಕ್ಕೆ ಏರಿಸಿ, ಆಮೇಲೆ ಶಾಶ್ವತವಾಗಿ ಆರಿಸಿದರು.

ಮೇಘಾ-ಟ್ರಾಪಿಕ್ಸ್‌ನ ಕತೆ ಇನ್ನೂ ದೊಡ್ಡದು. ಭಾರತ ಮತ್ತು ಫ್ರಾನ್ಸ್ ಸೇರಿ 2011ರ ಅಕ್ಟೋಬರ್ 12ರಂದು ಹಾರಿಸಿದ, ಉಷ್ಣವಲಯದ ಮಳೆಮೋಡಗಳನ್ನು ಅಳೆಯುವ ಸಾವಿರ ಕಿಲೋ ತೂಕದ ಉಪಗ್ರಹವದು, 867 ಕಿ.ಮೀ. ಎತ್ತರದಲ್ಲಿತ್ತು. ಬಿಟ್ಟಿದ್ದರೆ ನೂರು ವರ್ಷಕ್ಕೂ ಮೀರಿ ಅಲ್ಲಿಯೇ ಸುತ್ತುತ್ತಿತ್ತು. ಹಿಡಿತದಲ್ಲಿಟ್ಟುಕೊಂಡು ಇಳಿಸುವುದಕ್ಕೆಂದು ಅದನ್ನು ಕಟ್ಟಿರಲೂ ಇಲ್ಲ. ಆದರೆ ಟ್ಯಾಂಕಿನಲ್ಲಿ ಸುಮಾರು 125 ಕಿಲೋ ಇಂಧನ ಉಳಿದಿತ್ತು. 2022ರ ಆಗಸ್ಟ್‌ನಿಂದ ಇಪ್ಪತ್ತು ಸಲ ಸ್ವಲ್ಪಸ್ವಲ್ಪವೇ ಕೆಳಗೆ ತಂದು, 2023ರ ಮಾರ್ಚ್ 7ರಂದು ಬೆಂಗಳೂರಿನಿಂದಲೇ ಆದೇಶ ಕೊಟ್ಟು, ಎರಡು ಸಲ ತಲಾ ಇಪ್ಪತ್ತು ನಿಮಿಷದಷ್ಟು ಹೊತ್ತು ಎಂಜಿನ್ ಉರಿಸಿ, ಜನವಸತಿಯಿಲ್ಲದ ಪೆಸಿಫಿಕ್ ಸಾಗರದ ಮೇಲೆ ಅದನ್ನು ಉರಿದು ಬೀಳುವಂತೆ ಮಾಡಿದರು. ಸತ್ತ ಯಂತ್ರವನ್ನು ಮನೆಗೆ ತರಲು ಏಳು ತಿಂಗಳು ದುಡಿದ ಆ ಎಂಜಿನಿಯರುಗಳ ಬಗ್ಗೆ ನಮ್ಮ ಪತ್ರಿಕೆಗಳು ಒಂದು ದಿನದ ಸುದ್ದಿ ಬರೆದು ಸುಮ್ಮನಾದದ್ದು ನನಗೆ ಇಂದಿಗೂ ನೋವಿನ ವಿಷಯ.

ಒಂದು ಪ್ರಶ್ನೆ, ಬಳ್ಳಾರಿ

ಇದು ನನಗೆ ಗೊತ್ತಿರಲಿಲ್ಲ. ಧನ್ಯವಾದಗಳು. ಹಾಗಾದರೆ ಪ್ರತಿ ಸಲವೂ ಹೀಗೆಯೇ ಮಾಡುವರೇ?

ಹಾಸನದವಳು

ಮಾಡುವ ಗುರಿಯಿದೆ. ಸರಕಾರಿಯಾಗಲಿ ಖಾಸಗಿಯಾಗಲಿ, ಭಾರತದ ಎಲ್ಲ ಯಾನಗಳೂ 2030ರ ವೇಳೆಗೆ ಕಸ ಉಳಿಸದಂತಿರಬೇಕು ಎಂದು ಇಸ್ರೋ 2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಯಲ್ಲಿ ಘೋಷಿಸಿತು. ಅದೇ ವರ್ಷದ ಜನವರಿ 1ರಂದು ಹಾರಿದ ಪಿಎಸ್‌ಎಲ್‌ವಿ-ಸಿ58ರ ನಾಲ್ಕನೆಯ ಹಂತವನ್ನು 650 ಕಿಲೋಮೀಟರಿನಿಂದ 350ಕ್ಕೆ ಇಳಿಸಿ, ಅಲ್ಲಿ ಪ್ರಯೋಗಗಳಿಗೆ ಬಳಸಿದರು; ಮಾರ್ಚ್‌ನಲ್ಲಿ ಅದು ವಾತಾವರಣಕ್ಕೆ ಇಳಿದು ಮುಗಿಯಿತು. ಕಸದ ಮೇಲೆ ಕಣ್ಣಿಟ್ಟು ಡಿಕ್ಕಿಯಾಗದಂತೆ ಕಾಯುವ ಇಸ್ರೋ ಕೇಂದ್ರವೊಂದು ಬೆಂಗಳೂರಿನ ಪೀಣ್ಯದಲ್ಲಿದೆ. ಚಂದ್ರಯಾನ-3 ಹಾರುವ ದಿನ ದಾರಿಯಲ್ಲಿ ಎದುರಾಗಬಹುದಾಗಿದ್ದ ವಸ್ತುವಿನ ಕಾರಣದಿಂದ ಉಡಾವಣೆಯನ್ನು ನಾಲ್ಕು ಸೆಕೆಂಡು ತಡಮಾಡಿದ್ದು ನಿಮಗೆ ನೆನಪಿರಬಹುದು.

ಕಕ್ಷಾಗಣಿತ, ಮೈಸೂರು

ನಾಲ್ಕು ಸೆಕೆಂಡೆಂದರೆ ಕೇಳಲು ಏನೂ ಅಲ್ಲ. ಅಷ್ಟರಲ್ಲಿ ಆ ವಸ್ತು ಮೂವತ್ತು ಕಿಲೋಮೀಟರ್ ಮುಂದೆ ಹೋಗಿರುತ್ತದೆ.

ಪರರ ಹಳೆಯ ಕಸವನ್ನು ಹಿಡಿಯುವ ವಿಚಾರಕ್ಕೆ ಒಂದು ಮಾತು ಸೇರಿಸುತ್ತೇನೆ. ಜಪಾನಿನ ಆ್ಯಸ್ಟ್ರೋಸ್ಕೇಲ್ ಎಂಬ ಕಂಪನಿ 2024ರಲ್ಲಿ ಒಂದು ನೌಕೆಯನ್ನು ಕಳಿಸಿ, 2009ರಿಂದ ಅನಾಥವಾಗಿ ಸುತ್ತುತ್ತಿದ್ದ ಜಪಾನಿನದೇ ರಾಕೆಟ್ ಹಂತವೊಂದರ ಸುಮಾರು ಹದಿನೈದು ಮೀಟರ್ ಸಮೀಪಕ್ಕೆ ಹೋಗಿ, ಸುತ್ತ ತಿರುಗಿ ಫೋಟೋ ತೆಗೆಯಿತು. ಹಿಡಿಯಲಿಲ್ಲ, ನೋಡಿತಷ್ಟೇ. ಲಾಗ ಹಾಕುವ ವಸ್ತುವನ್ನು ಹಿಡಿಯುವುದು ಬೇರೆಯೇ ಕಷ್ಟ: ಹಿಡಿದ ಕೈಯೂ ಅದರೊಂದಿಗೆ ತಿರುಗತೊಡಗುತ್ತದೆ. ಬೆಳ್ಳಿಚುಕ್ಕಿಯವರ ಮಗಳು ಎಣಿಸಿದ ಆ ಆರು ಎಣಿಕೆ ಇದಕ್ಕಾಗಿಯೇ ಬೆಲೆಯುಳ್ಳದ್ದು. ಹೊಳಪಿನ ಅಂತರವನ್ನು ವರ್ಷಗಟ್ಟಲೆ ಬರೆದಿಟ್ಟರೆ ವಸ್ತುವಿನ ತಿರುಗಾಟ ನಿಧಾನವಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ಹವ್ಯಾಸಿ ವೀಕ್ಷಕರು ಇಂಥ ದಾಖಲೆಗಳನ್ನು ದಶಕಗಳಿಂದ ಇಡುತ್ತ ಬಂದಿದ್ದಾರೆ.

ಬೆಳ್ಳಿಚುಕ್ಕಿ, ಕಡೂರು

ಎಲ್ಲರಿಗೂ ನಮಸ್ಕಾರ. ಎತ್ತರ ನೋಡಿದೆ: 780 ಕಿಲೋಮೀಟರ್ ಆಸುಪಾಸು. ಮಗಳಿಗೆ ಕುಳ್ಳಿರಿಸಿ ಎಲ್ಲವನ್ನೂ ಓದಿ ಹೇಳಿದೆ. ಈಗ ಅದನ್ನು ತೆಗೆಯುವವರು ಯಾರೂ ಇಲ್ಲ, ತೆಗೆಯಲು ಅದರ ಯಜಮಾನರ ಒಪ್ಪಿಗೆ ಬೇಕು, ಹಿಡಿಯುವ ವಿದ್ಯೆಯನ್ನು ಇನ್ನೂ ಕಲಿಯುತ್ತಿದ್ದಾರೆ, ಹೊಸದಾಗಿ ಹಾರಿಸುವವರು ಮಾತ್ರ ತಮ್ಮದನ್ನು ತಾವೇ ಇಳಿಸಲು ಶುರು ಮಾಡಿದ್ದಾರೆ ಎಂದೆ. ಪಾರ್ಥೇನಿಯಂ ಮಾತು ಅವಳಿಗೆ ಕೂಡಲೇ ಅರ್ಥವಾಯಿತು, ಹಿತ್ತಲಿನಲ್ಲಿ ನನ್ನೊಂದಿಗೆ ಕಿತ್ತು ಗೊತ್ತಿರುವವಳು. ಮೇಘಾ-ಟ್ರಾಪಿಕ್ಸ್‌ನಲ್ಲಿ 125 ಕಿಲೋ ಇಂಧನ ಉಳಿಯದೆ ಇದ್ದಿದ್ದರೆ ಏನು ಮಾಡುತ್ತಿದ್ದರು ಎಂದು ಕೇಳಿದಳು. ಹಾಸನದವರೇ, ಅದಕ್ಕೆ ನೀವೇ ಉತ್ತರಿಸಬೇಕು.

ಹಳೆಯ ಲೆಕ್ಕದ ಪುಸ್ತಕವೊಂದನ್ನು ಅವಳಿಗೆ ಕೊಟ್ಟಿದ್ದೇನೆ. ಮೊದಲ ಪುಟದಲ್ಲಿ ಶನಿವಾರದ ತಾರೀಖು, ಸಮಯ, “ಆರು ಎಣಿಕೆ” ಎಂದು ಬರೆದಿದ್ದಾಳೆ. ಮುಂದಿನ ಸಲ ಎಣಿಕೆಯ ಬದಲು ಗಡಿಯಾರ ಹಿಡಿದು ಅಳೆಯುತ್ತೇವೆ. ಗುರುವಾರ ಸಂಜೆ ಅದು ಮತ್ತೆ ಉತ್ತರದಿಂದ ದಕ್ಷಿಣಕ್ಕೆ ನಮ್ಮ ನೆತ್ತಿಯ ಹತ್ತಿರವೇ ಹಾದುಹೋಗುತ್ತದೆ. ಮೋಡವಿಲ್ಲದಿದ್ದರೆ ಬೀರೂರು, ತರೀಕೆರೆ, ಅರಸೀಕೆರೆಯವರಿಗೂ ಕಾಣಬೇಕು. ನೋಡಿದವರು ಅಂತರವೆಷ್ಟೆಂದು ಇಲ್ಲಿಯೇ ಬರೆಯಿರಿ.